ಹತ್ತನೇ ಮನೆಯ ಬಿಳಿ ಬಟ್ಟೆ

ಕಟಿಂಗ್ ಶಾಪಿನ ಅಣ್ಣ ನೆರೆನೀರಿನಲ್ಲಿ ಸೊಂಟದವರೆಗೆ ನೆನೆದುಕೊಂಡು ಶಾಲೆಯ ಮೆಟ್ಟಿಲು ಹತ್ತಿ ಬಂದವನೇ, ಕೈಯಲ್ಲಿ ಮಿಕ್ಕಿದ್ದ ಒಂದು ಬಿಳಿ ಬಟ್ಟೆಯ ಪಟ್ಟಿಯನ್ನು ಟೈಲರಮ್ಮನ ಮೇಜಿನ ಮೇಲೆ ಇಟ್ಟ.

“ನನ್ನ ಬೀದಿ ಮುಗೀತು ಟೈಲರಮ್ಮ. ಹನ್ನೆರಡು ಮನೆಯೂ ಖಾಲಿ. ಒಂದು ಬಟ್ಟೆ ಉಳೀತು, ಎತ್ತಿಟ್ಕೊಳ್ಳಿ.”

ಟೈಲರಮ್ಮ ಆಗಷ್ಟೇ ಬಂದಿದ್ದ ಒಂದು ಸಂಸಾರದ ತಲೆ ಎಣಿಸಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದಳು. ತಲೆ ಎತ್ತದೆಯೇ ಕೇಳಿದಳು: “ಹನ್ನೆರಡು ಮನೆಗೆ ಹನ್ನೆರಡೇ ಕೊಟ್ಟಿದ್ದು. ಉಳಿಯೋದು ಹೇಗೆ?”

ಅವನು ಆಚೀಚೆ ನೋಡಿ ದನಿ ತಗ್ಗಿಸಿದ. “ಹತ್ತನೇ ಮನೆ ಗೇಟಿಗೆ ಆಗಲೇ ಕಟ್ಟಿತ್ತಲ್ಲ. ನಿಮ್ಮ ನಾದಿನಿ ಮನೆ. ನಿಮಗೆ ತಡೀಲಿಲ್ಲ, ನನಗಿಂತ ಮುಂಚೆ ಹೋಗಿ ಕರ್ಕೊಂಡು ಬಂದಿದ್ದೀರಿ ಅಂತ ಗೊತ್ತಾಯ್ತು. ನಾನು ಯಾರ ಮುಂದೆಯೂ ಬಾಯಿ ಬಿಡಲ್ಲ ಬಿಡಿ. ಕರುಳು ಕೇಳಬೇಕಲ್ಲ.”

ಹೇಳಿ ಕಣ್ಣು ಮಿಟುಕಿಸಿ, ಒಣ ಟವೆಲು ಹುಡುಕಿಕೊಂಡು ಹೋದ. ಟೈಲರಮ್ಮನ ಪೆನ್ನು ಅರ್ಧ ಅಂಕಿಗೇ ನಿಂತಿತು. ಅವಳು ಇಂದು ಹತ್ತನೇ ಮನೆಯ ಹತ್ತಿರ ಸುಳಿದೇ ಇರಲಿಲ್ಲ.

ಅವನು ಯಾಕೆ ದನಿ ತಗ್ಗಿಸಿದ ಎಂಬುದನ್ನು ಹೇಳಬೇಕಾದರೆ ಎಂಟು ವರ್ಷ ಹಿಂದೆ ಹೋಗಬೇಕು. ನದಿ ಮೊದಲ ಸಲ ಈ ತಗ್ಗು ಬೀದಿಗಳಿಗೆ ನುಗ್ಗಿದಾಗ ಇಲ್ಲಿಯವರೂ ಎಲ್ಲರ ಹಾಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಲು ಹೊರಟವರೇ. ಒಬ್ಬೊಬ್ಬರೂ ತಮ್ಮ ತಮ್ಮವರ ಕಡೆ ಓಡಿದರು. ಅಣ್ಣ ತಮ್ಮನನ್ನು ಎಳೆದು ತಂದ, ಮಗಳು ತಾಯಿಯನ್ನು ತಂದಳು, ಮಾವನ ಮುಖ ಕಂಡರಾಗದ ಅಳಿಯ ಕೂಡ ಮಾವನನ್ನು ಬೆನ್ನ ಮೇಲೆ ಹೊತ್ತು ತಂದ. ಮೂಲೆಯ ಮನೆಯಲ್ಲಿದ್ದ ಗಂಡ ಹೆಂಡತಿ ಮಾತ್ರ ಯಾರಿಗೂ ಏನೂ ಆಗಬೇಕಾದವರಲ್ಲ. ಅವರನ್ನು ಯಾರೂ ತರಲಿಲ್ಲ. ನೀರು ಇಳಿದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಸಿಕ್ಕಿದರು.

ಆ ನಾಚಿಕೆಯಲ್ಲಿ ಹುಟ್ಟಿದ್ದು ನೆರೆಹೊರೆ ಸಂಘ. ನೆರೆ ಬಂದರೆ ಮಾತ್ರ ಹೊರೆ ಹೊರುವ ಸಂಘ ಎಂದು ಹೊರಗಿನವರು ಹಾಸ್ಯ ಮಾಡುವುದುಂಟು. ಮಾಡಲಿ, ಹಾಸ್ಯಕ್ಕೆ ಖರ್ಚಿಲ್ಲ. ಅಂಚೆ ಕಚೇರಿಯಿಂದ ನಿವೃತ್ತರಾದ ಪೋಸ್ಟ್ ಮೇಡಂ ಅದನ್ನು ಶುರು ಮಾಡಿದರು. ಮೊದಲ ವರ್ಷ ಮನೆಗಳ ಕೆಸರು ಎತ್ತುವುದು, ಸ್ಟೌವು ಕೊಡಿಸುವುದು, ಕೊಚ್ಚಿಹೋದ ರೇಷನ್ ಕಾರ್ಡಿಗೆ ಅರ್ಜಿ ಬರೆಯುವುದು ಇಷ್ಟರಲ್ಲೇ ಕಳೆಯಿತು. ಆಮೇಲೆ ಮುಂದಿನ ನೆರೆಗೆ ತಯಾರಿ. ಶಾಲೆಯ ಮಹಡಿಯಲ್ಲಿ ಚಾಪೆ, ಹಗ್ಗ, ನೀರಿನ ಡ್ರಮ್ಮು, ಔಷಧದ ಪೆಟ್ಟಿಗೆ ಕೂಡಿಟ್ಟರು. ಒಬ್ಬೊಬ್ಬರಿಗೆ ಹನ್ನೆರಡು ಮನೆ ಹಂಚಿದರು. ಮನೆ ಖಾಲಿಯಾದರೆ ಗೇಟಿಗೆ ಬಿಳಿ ಬಟ್ಟೆ. ಒಳಗೆ ಎತ್ತಿ ತರಬೇಕಾದವರು ಇದ್ದರೆ ಕೆಂಪು. ಏನೂ ಇಲ್ಲದಿದ್ದರೆ ಇನ್ನೂ ಯಾರೂ ನೋಡಿಲ್ಲ, ದೋಣಿ ನಿಲ್ಲಿಸಿ ನೋಡಬೇಕು ಎಂದು ಅರ್ಥ. ಎಲ್ಲಕ್ಕಿಂತ ದೊಡ್ಡ ನಿಯಮ ಒಂದಿತ್ತು: ಸ್ವಂತದವರ ಮನೆಗೆ ಸ್ವಂತದವರು ಹೋಗಬಾರದು. ನಿಮ್ಮವರ ಮನೆ ಬೇರೆಯವರ ಪಟ್ಟಿಯಲ್ಲಿ, ಬೇರೆಯವರ ಮನೆ ನಿಮ್ಮ ಪಟ್ಟಿಯಲ್ಲಿ. ಆ ನಿಯಮವನ್ನು ಸಭೆಯಲ್ಲಿ ಎದ್ದು ನಿಂತು ಸೂಚಿಸಿದವಳೇ ಟೈಲರಮ್ಮ. ಅದನ್ನು ಅವಳೇ ಮುರಿದಳು ಎಂದುಕೊಂಡು ಕಟಿಂಗ್ ಶಾಪಿನವನು ಕಣ್ಣು ಮಿಟುಕಿಸಿದ್ದ.

ಹಾಗಾದರೆ ಆ ಬಟ್ಟೆ ಕಟ್ಟಿದವರು ಯಾರು?

ಅವಳು ಬಟ್ಟೆಗಳ ಲೆಕ್ಕವನ್ನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದಳು. ಮೂರು ವಾರದ ಹಿಂದೆ ನೆರೆಯ ತಾಲೀಮಿಗೆಂದು ಸಂಘದ ಡ್ರಿಲ್ಲು ನಡೆದಿತ್ತು. ಅಂದು ಕಟಿಂಗ್ ಶಾಪಿನವನಿಗೆ ಜ್ವರ. ಅವನ ಬೀದಿಯನ್ನೂ ಇವಳೇ ವಹಿಸಿಕೊಂಡಿದ್ದಳು. ಮಧ್ಯಾಹ್ನ ಹನ್ನೆರಡು ಗೇಟಿಗೆ ಹನ್ನೆರಡು ಬಟ್ಟೆ ಕಟ್ಟಿದಳು, ಹತ್ತನೆಯದಕ್ಕೂ ಕಟ್ಟಿದಳು. ನಾದಿನಿ ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾಳೆ ಎಂಬ ಧೈರ್ಯವಿತ್ತು. ಸಂಜೆ ಬಿಚ್ಚಲು ಹೋದಾಗ ಆ ಧೈರ್ಯ ಇರಲಿಲ್ಲ. ಒಂದು ವರ್ಷದಿಂದ ಆ ಮನೆ ಬಂದ ಕೂಡಲೇ ಮುಖವನ್ನು ಎದುರು ಸಾಲಿಗೆ ತಿರುಗಿಸಿ ನಡೆದು ಅಭ್ಯಾಸವಾಗಿತ್ತು. ಅಂದೂ ಹಾಗೇ ನಡೆದಳೇ? ಕಾಲು ನಡೆದಿತ್ತು, ಮುಖ ತಿರುಗಿತ್ತು, ಕೈ ಏನು ಮಾಡಿತು ಎಂಬುದು ನೆನಪಿಲ್ಲ.

ಆದರೆ ಇನ್ನೊಂದು ನೆನಪಿತ್ತು. ಮರುದಿನ ಬಟ್ಟೆಗಳನ್ನು ಒಗೆದು ಇಸ್ತ್ರಿ ಹಾಕಿ ಕಂತೆ ಕಟ್ಟುವಾಗ ಒಂದು ಕಡಿಮೆ ಬಂದಿತ್ತು. ಬೇರೆ ಯಾರೇ ಆಗಿದ್ದರೂ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದರು. ಟೈಲರಮ್ಮ ಹುಡುಕಲಿಲ್ಲ. ಮಿಷನ್ನಿನ ಕೆಳಗೆ ತುಂಡು ಬಟ್ಟೆಗೆ ಬರವೇ? ಒಂದನ್ನು ಅಳತೆಗೆ ಕತ್ತರಿಸಿ, ಅಂಚು ಮಡಿಸಿ ಹೊಲಿದು, ಹನ್ನೆರಡು ಮಾಡಿ ಕಂತೆಗೆ ಸೇರಿಸಿಬಿಟ್ಟಳು. ಎರಡು ನಿಮಿಷದ ಕೆಲಸ. ಹರಿದದ್ದನ್ನು ಗೊತ್ತಾಗದಂತೆ ಕೂಡಿಸುವ ಕೈಗೆ ತಪ್ಪನ್ನೂ ಗೊತ್ತಾಗದಂತೆ ಮುಚ್ಚುವುದು ಕಷ್ಟವಲ್ಲ.

ಈಗ ಗಂಟೆ ಹನ್ನೆರಡಾಗುತ್ತ ಬಂದಿತ್ತು. ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟ ಸೈರನ್ನು ಕೂಗಿದ್ದು ಹತ್ತಕ್ಕೆ. ನಾದಿನಿಗೆ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಳಿಗ್ಗೆ ಏಳಕ್ಕೆ ಬಂದು, ಕಿವಿಗೆ ಹತ್ತಿ ತುರುಕಿ, ಫೋನು ಆರಿಸಿ, ಕಪ್ಪು ಪರದೆ ಎಳೆದು ಮಲಗಿದರೆ ಎರಡು ಗಂಟೆಯವರೆಗೆ ಅವಳಿಗೆ ಲೋಕವಿಲ್ಲ. ಚಿಕ್ಕವಳಿದ್ದಾಗಲೂ ಅಷ್ಟೇ. ಟೈಲರಮ್ಮ ಮದುವೆಯಾಗಿ ಬಂದಾಗ ನಾದಿನಿಗೆ ಆರು ವರ್ಷ. ಮರುವರ್ಷವೇ ಅತ್ತೆ ತೀರಿಕೊಂಡರು. ಗಂಡ ಲಾರಿ ಡ್ರೈವರು, ತಿಂಗಳಲ್ಲಿ ಮೂರು ವಾರ ರಸ್ತೆಯ ಮೇಲೆ. ನಿದ್ದೆಗಣ್ಣಿನ ಹುಡುಗಿಯನ್ನು ಎಬ್ಬಿಸಿ, ಕೂರಿಸಿ, ಕೂತಲ್ಲೇ ತೂಕಡಿಸುವವಳಿಗೆ ಜಡೆ ಹೆಣೆದು ಶಾಲೆಗೆ ಅಟ್ಟಿದವಳು ಇವಳೇ. ಹೋದ ವರ್ಷ ಆ ಹುಡುಗಿ ಬೇರೆ ಕೋಣೆ ಮಾಡುತ್ತೇನೆ ಎಂದಾಗ ಇವಳು ಬಾಯಿಗೆ ಬಂದದ್ದು ಅಂದಳು. ಅವಳೂ ತಿರುಗಿ ಅಂದಳು: “ನೀನೇನು ನನ್ನ ಹೆತ್ತಿದ್ದೀಯಾ?” ಆ ಒಂದು ಮಾತು ಎದೆಯಲ್ಲಿ ಸೂಜಿ ಮುರಿದಂತೆ ಕೂತಿತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಟೈಲರಮ್ಮ ಸೆರಗಿನ ಮರೆಯಲ್ಲಿ ಫೋನು ತೆಗೆದು ವರ್ಷದಿಂದ ಒತ್ತದ ನಂಬರನ್ನು ಒತ್ತಿದಳು. ಸ್ವಿಚ್ ಆಫ್. ಮತ್ತೆ ಒತ್ತಿದಳು. ಸ್ವಿಚ್ ಆಫ್. ಸೈರನ್ನಿಗೆ ಎದ್ದಿರುತ್ತಾಳೆ, ಎದ್ದವಳು ಯಾರ ಜೊತೆಗೋ ನಡೆದಿರುತ್ತಾಳೆ, ಮೇಲಿನ ಬೀದಿಯಲ್ಲಿ ಗೆಳತಿಯರಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು. ರಿಜಿಸ್ಟರನ್ನು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಓದಿದಳು. ಇನ್ನೂರ ಹದಿನಾಲ್ಕು ಜನ ಬಂದಿದ್ದರು, ಅವಳೊಬ್ಬಳು ಬಂದಿರಲಿಲ್ಲ. ಕೋಣೆಯಿಂದ ಕೋಣೆಗೆ ಹೋಗಿ ಚಾಪೆಯ ಮೇಲೆ ಮುದುರಿದ್ದ ಹೆಂಗಸರ ಮುಖ ನೋಡಿದಳು. ಹೀಗೆ ಹುಡುಕುವ ನಾಟಕದಲ್ಲಿ ಆರೇಳು ನಿಮಿಷ ಹೋಯಿತು. ಬಾಯಿಬಿಟ್ಟು ಹೇಳಬೇಕಾದದ್ದನ್ನು ಹೇಳದಿರಲು ಮನುಷ್ಯ ಎಷ್ಟು ಕೆಲಸ ಕಂಡುಹಿಡಿಯುತ್ತಾನೆ ನೋಡಿ.

ಕಿಟಕಿಯಿಂದ ಕೆಳಗೆ ನೋಡಿದಳು. ಬೆಳಿಗ್ಗೆ ಶಾಲೆಯ ಗೇಟಿನ ಹೊರಗಿದ್ದ ನೀರು ಈಗ ಅಂಗಳದೊಳಗೆ ಬಂದು, ನಲ್ಲಿಕಟ್ಟೆಯ ಎರಡನೇ ಕಲ್ಲನ್ನು ನುಂಗಿತ್ತು. ಇಲ್ಲಿ ಎರಡು ಕಲ್ಲು ಎಂದರೆ ಹತ್ತನೇ ಮನೆಯಲ್ಲಿ ಎದೆಯುದ್ದ. ನೆಲದ ಮಟ್ಟದ ಒಂದೇ ಕೋಣೆ ಅದು. ನಾದಿನಿಗೆ ಈಜು ಬಾರದು. ಕಲಿಸುತ್ತೇನೆ ಎಂದು ಅಣ್ಣ ಕರೆದಾಗ, ಹೆಣ್ಣುಮಗಳಿಗೆ ಯಾಕೆ ಎಂದು ತಡೆದವಳು ಇದೇ ಅತ್ತಿಗೆ.

ವಾಕಿಟಾಕಿ ಮೇಜಿನ ಮೇಲಿತ್ತು. ಪೋಸ್ಟ್ ಮೇಡಂ ನೀರಿನ ಡ್ರಮ್ಮಿನ ಹತ್ತಿರ ಯಾರನ್ನೋ ಗದರಿಸುತ್ತಿದ್ದರು. ಸಂಘಕ್ಕಿದ್ದದ್ದು ಒಂದೇ ದೋಣಿ, ಅದನ್ನು ನಡೆಸುವವನು ಮೀನಿನಂಗಡಿಯ ಮೀನಣ್ಣ. ಟೈಲರಮ್ಮ ವಾಕಿಟಾಕಿ ಎತ್ತಿಕೊಂಡು ಗುಂಡಿ ಒತ್ತಿದಳು.

“ಮೀನಣ್ಣ, ಎಲ್ಲಿದ್ದೀಯಾ?”

“ಕೆಳಗಿನ ಕೊನೆ ಬೀದಿಗೆ ಹೊರಟಿದ್ದೀನಿ. ಕೆಂಪು ಬಟ್ಟೆ ಮನೆ. ಲಕ್ವ ಹೊಡೆದವರು ಇದ್ದಾರಲ್ಲ, ಆಯಮ್ಮ ಗಂಡನ್ನ ಮೇಜಿನ ಮೇಲೆ ಮಲಗಿಸಿ ತಲೆ ಎತ್ತಿ ಹಿಡ್ಕೊಂಡು ನಿಂತಿದ್ದಾರಂತೆ. ಯಾಕಮ್ಮ?”

ಸುಳ್ಳು ಅವಳ ನಾಲಿಗೆಯ ತುದಿಗೆ ಬಂದು ಕೂತಿತು. ಹತ್ತನೇ ಮನೆಗೂ ಕೆಂಪು ಬಟ್ಟೆ ಇದೆ, ಅದು ಹತ್ತಿರ, ಮೊದಲು ಅಲ್ಲಿಗೆ ತಿರುಗು ಎಂದರೆ ಸಾಕು. ಮೀನಣ್ಣ ಎರಡನೇ ಮಾತು ಕೇಳುವವನಲ್ಲ. ಟೈಲರಮ್ಮನ ಮಾತು ಎಂದರೆ ಈ ಬೀದಿಗಳಲ್ಲಿ ಅಳತೆಯ ಟೇಪು ಇದ್ದ ಹಾಗೆ. ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು. ಗಂಡನ ತಲೆ ಎತ್ತಿ ಹಿಡಿದುಕೊಂಡ ಆ ಹೆಂಗಸು, ಕೈ ಸೋತರೆ ಏನು ಮಾಡುತ್ತಾಳೆ ಎಂಬ ಯೋಚನೆ ಬೇಡವೆಂದರೂ ಬಂತು.

“ಮೀನಣ್ಣ, ಹತ್ತನೇ ಮನೆಯ ಬಿಳಿ ಬಟ್ಟೆ ಸುಳ್ಳು,” ಎಂದಳು. “ಡ್ರಿಲ್ ದಿನ ನಾನು ಕಟ್ಟಿದ್ದು. ಬಿಚ್ಚಿಲ್ಲ. ಒಳಗೆ ಹುಡುಗಿ ಇರಬಹುದು.”

ಆ ಕಡೆ ಮೀನಣ್ಣ ಎಂಜಿನ್ನು ತಗ್ಗಿಸಿದ.

“ಅಯ್ಯೋ! ಆ ಮನೆ ಮುಂದೆಯೇ ಬಂದೆನಲ್ಲಮ್ಮ ಈಗ. ಬಿಳಿ ಇತ್ತು, ಗೇಟಿನ ತುದಿ ಕಾಣ್ತಿತ್ತು, ಬಿಟ್ಟು ಬಂದೆ. ಈಗ ವಾಪಸ್ ತಿರುಗಿದರೆ ಸೆಳೆತಕ್ಕೆ ಎದುರು ಹೋಗಬೇಕು, ಇಪ್ಪತ್ತು ನಿಮಿಷ. ಏನು ಮಾಡ್ಲಿ ಹೇಳಿ.”

ಪೋಸ್ಟ್ ಮೇಡಂ ಯಾವಾಗ ಬಂದು ಹಿಂದೆ ನಿಂತಿದ್ದರೋ ತಿಳಿಯದು. ಕಟಿಂಗ್ ಶಾಪಿನವನು ಟವೆಲು ಹಿಡಿದುಕೊಂಡು ಬಾಯಿ ಬಿಟ್ಟು ನಿಂತಿದ್ದ. ಸಾಲಿನಲ್ಲಿ ಹೆಸರು ಬರೆಸಲು ಕಾದಿದ್ದವರೆಲ್ಲ ಇವಳ ಕಡೆಯೇ ತಿರುಗಿದ್ದರು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

“ಕೆಂಪು ಮೊದಲು,” ಎಂದಳು ಟೈಲರಮ್ಮ. “ಅವರನ್ನ ಕರ್ಕೊಂಡು ಬಾ. ಬರುವಾಗ ಹತ್ತನೇ ಮನೆ.”

ಹೇಳಿದ ಮರುಕ್ಷಣವೇ ಆ ಮಾತನ್ನು ಹಿಡಿದು ನುಂಗಿಬಿಡಬೇಕು ಅನ್ನಿಸಿತು. ವಾಕಿಟಾಕಿಯನ್ನು ಪೋಸ್ಟ್ ಮೇಡಂ ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಬೆರಳುಗಳನ್ನು ಒಂದೊಂದಾಗಿ ಎತ್ತಬೇಕಾಯಿತು.

“ಅದು ನಿಮ್ಮ ನಾದಿನಿ ಅಲ್ವಾ?”

“ಹೌದು ಮೇಡಂ.”

“ಬೇರೆ ಯಾವ ಮನೆಗಾದ್ರೂ ಹಾಗೇ ಬಿಟ್ಟಿದ್ದೀರಾ?”

“ಇಲ್ಲ. ಒಂದೇ ಕಡಿಮೆ ಬಂದಿತ್ತು. ನಾನೇ ಇನ್ನೊಂದು ಹೊಲಿದು ಲೆಕ್ಕ ಸರಿ ಮಾಡಿದೆ.”

ಮೇಡಂ ಅವಳನ್ನು ಬಯ್ಯಲಿಲ್ಲ. ಬೈದಿದ್ದರೆ ಟೈಲರಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಕನ್ನಡಕ ಒರೆಸಿಕೊಂಡು, “ಕೂತ್ಕೊಳ್ಳಿ. ಹೆಸರು ಬರೀರಿ. ಜನ ಕಾಯ್ತಿದ್ದಾರೆ,” ಎಂದರು.

ಅವಳು ಕೂತಳು, ಬರೆದಳು. ಒಂದೇ ಸಂಸಾರವನ್ನು ಎರಡು ಸಲ ಬರೆದಳು. ಒಬ್ಬ ಅಜ್ಜ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು ಎಂದರೆ ಬಿಸ್ಕತ್ತಿನ ಪೊಟ್ಟಣ ಎತ್ತಿಕೊಟ್ಟಳು. ಅವನು ಅದನ್ನು ತಿರುಗಿಸಿ ನೋಡಿ, “ತಾಯಿ, ಇದನ್ನ ತಿಂದ್ರೆ ನೆರೆಗಿಂತ ಮೊದಲು ನಾನೇ ಹೋಗ್ತೀನಿ,” ಎಂದು ನಕ್ಕು ವಾಪಸು ಕೊಟ್ಟ. ಗೋಡೆಯ ಗಡಿಯಾರದ ಮುಳ್ಳು ಕೆಟ್ಟು ನಿಂತಿದೆಯೇನೋ ಎಂದು ಅವಳಿಗೆ ಎರಡು ಸಲ ಅನುಮಾನ ಬಂತು. ಕಾಯುವವರ ಮನೆಯಲ್ಲಿ ಗಡಿಯಾರ ಯಾವತ್ತೂ ಕುಂಟುತ್ತದೆ.

ಮೂವತ್ತೈದು ನಿಮಿಷದ ಮೇಲೆ ಅಂಗಳದಲ್ಲಿ ಎಂಜಿನ್ನಿನ ಸದ್ದಾಯಿತು. ಟೈಲರಮ್ಮ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು. ದೋಣಿಯಲ್ಲಿ ಕಂಬಳಿ ಸುತ್ತಿದ ಗಂಡಸು, ಅವನ ತಲೆಯನ್ನು ಈಗಲೂ ಎರಡು ಕೈಯಲ್ಲಿ ಹಿಡಿದೇ ಇದ್ದ ಹೆಂಡತಿ, ಮೀನಣ್ಣ. ಮತ್ತೆ ಯಾರೂ ಇರಲಿಲ್ಲ.

ಮೀನಣ್ಣ ಅವಳ ಮುಖ ನೋಡಲಾರದೆ ಹಗ್ಗ ನೋಡಿದ. “ಬರುವಾಗ ಆ ಬೀದಿಗೆ ತಿರುಗಲು ಆಗಲಿಲ್ಲ ಅಮ್ಮ. ಇವರು ನೀರು ಕುಡಿದುಬಿಟ್ಟಿದ್ದರು, ಉಸಿರು ಎಳೀತಿದ್ದರು. ಇಳಿಸಿದ ಕೂಡಲೇ ಹೋಗ್ತೀನಿ.”

“ನಾನೂ ಬರ್ತೀನಿ,” ಎಂದು ಅವಳು ದೋಣಿಯ ಅಂಚಿಗೆ ಕೈ ಹಾಕಿದಳು.

“ಬೇಡ.” ಮೆಟ್ಟಿಲ ಮೇಲಿನಿಂದ ಪೋಸ್ಟ್ ಮೇಡಂ ದನಿ. “ಸ್ವಂತದವರ ಮನೆಗೆ ಸ್ವಂತದವರು ಹೋಗಬಾರದು. ನೀವೇ ಮಾಡಿದ್ದು.”

ಏಳು ವರ್ಷ ಆ ನಿಯಮವನ್ನು ಊರಿಗೆಲ್ಲ ಬೋಧಿಸಿದವಳು ದೋಣಿಯ ಅಂಚಿನಿಂದ ಕೈ ತೆಗೆದಳು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಕಟಿಂಗ್ ಶಾಪಿನವನು ಒದ್ದೆ ಟವೆಲನ್ನು ಸೊಂಟಕ್ಕೆ ಬಿಗಿದು ದೋಣಿಗೆ ಹಾರಿದ. “ನನ್ನ ಪಟ್ಟಿಯ ಮನೆ. ಬಾಗಿಲು ಬಡಿಯದೆ ಬಂದದ್ದು ನನ್ನ ತಪ್ಪು. ನಾನು ಹೋಗಿ ಬರ್ತೀನಿ ಕಣಕ್ಕ,” ಎಂದ. ಅವಳನ್ನು ಅಕ್ಕ ಎಂದು ಅವನು ಎಂದೂ ಕರೆದವನಲ್ಲ.

ಗಂಡ ಹೆಂಡತಿಯನ್ನು ಮೆಟ್ಟಿಲಿಗೆ ಇಳಿಸಿ ದೋಣಿ ಗೇಟು ದಾಟಿ ತಿರುಗಿತು. ಟೈಲರಮ್ಮ ಕೊನೆಯ ಒಣ ಮೆಟ್ಟಿಲ ಮೇಲೆ ಕೂತಳು. ನೀರಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಚಪ್ಪಲಿ, ಯಾರದೋ ಮನೆಯ ಹಾಲಿನ ಪಾತ್ರೆ ತೇಲಿ ಬಂದವು. ಚಪ್ಪಲಿಯನ್ನು ಅವಳು ಕಣ್ಣು ಕಿರಿದು ಮಾಡಿ ನೋಡಿದಳು. ಗಂಡಸರದು. ದೇವರೇ, ಅವಳು ನನ್ನ ಜೊತೆ ಜನ್ಮವಿಡೀ ಮಾತಾಡದೇ ಇರಲಿ, ಎದುರು ಸಿಕ್ಕರೆ ಉಗಿದು ಹೋಗಲಿ, ಇದ್ದರೆ ಸಾಕು ಎಂದು ಬೇಡಿಕೊಂಡಳು. ಗಂಡನಿಗೆ ಫೋನು ಮಾಡಿ ಏನು ಹೇಳುವುದು? ನಿನ್ನ ತಂಗಿಯ ಗೇಟಿಗೆ ನಾನು ಖಾಲಿ ಎಂದು ಬಟ್ಟೆ ಕಟ್ಟಿದೆ ಎನ್ನುವುದೇ? ನೀರು ಅವಳ ಕಾಲ್ಬೆರಳಿಗೆ ತಾಗಿತು. ಅವಳು ಒಂದು ಮೆಟ್ಟಿಲು ಮೇಲೆ ಸರಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತಾಗಿತು.

ವಾಕಿಟಾಕಿ ಗೊರಗುಟ್ಟಿದ್ದು ಮೇಲಿನಿಂದ ಕೇಳಿಸಿತು, ಮಾತು ಕೇಳಿಸಲಿಲ್ಲ. ಆಮೇಲೆ ಯಾರೋ ದಡದಡ ಓಡಿ ಬರುವ ಸದ್ದು. ಅರವತ್ತೆಂಟು ವರ್ಷದ ಪೋಸ್ಟ್ ಮೇಡಂ, ಮಂಡಿನೋವಿನ ಪೋಸ್ಟ್ ಮೇಡಂ, ಮೆಟ್ಟಿಲು ಓಡಿ ಇಳಿದಿದ್ದರು.

“ಸಿಕ್ಕಿದಳಂತೆ. ಅಟ್ಟದ ಮೇಲೆ ಇದ್ದಳಂತೆ. ಜೀವ ಇದೆ.”

ಟೈಲರಮ್ಮ ಒಣ ಬೆಡ್‌ಶೀಟು ಹುಡುಕಲು ಮೇಲಕ್ಕೆ ಓಡಿದಳು.

ನಾದಿನಿಯನ್ನು ಕಟಿಂಗ್ ಶಾಪಿನವನು ಎತ್ತಿಕೊಂಡೇ ತಂದು ಮಹಡಿಯ ಚಾಪೆಯ ಮೇಲೆ ಇಳಿಸಿದ. ಒಂದು ಕಿವಿಯಲ್ಲಿ ಹತ್ತಿ ಇನ್ನೂ ಇತ್ತು. ಮೊಣಕೈಯೆಲ್ಲ ತರಚಿತ್ತು, ತುಟಿ ನೀಲಿಗಟ್ಟಿತ್ತು. ಟೈಲರಮ್ಮ ಒಣ ಬೆಡ್‌ಶೀಟು ತಂದು ಸುತ್ತಿದಳು, ತಲೆ ಒರೆಸಿದಳು. ಮೊದಲು ಮಾತು ಶುರು ಮಾಡಿದ್ದು ನಾದಿನಿಯೇ.

“ಮಂಚಕ್ಕೆ ನೀರು ಬಂದಾಗ ಎಚ್ಚರ ಆಯ್ತು ಅತ್ತಿಗೆ. ಅಟ್ಟ ಹತ್ತಿದೆ. ಒಂದು ಸಲ ದೋಣಿ ಬಂತು. ಗವಾಕ್ಷಿಯಿಂದ ಕೈ ಹಾಕಿ ಕೂಗಿದೆ. ಎಂಜಿನ್ ಸದ್ದಲ್ಲಿ ಅವನಿಗೆ ಕೇಳಿಸಲಿಲ್ಲ. ಗೇಟು ನೋಡಿದ. ಹೋಗ್ಬಿಟ್ಟ.”

“ನಾನು ಕಣೇ. ನಾನು ಬಿಚ್ಚಲಿಲ್ಲ.” ಟೈಲರಮ್ಮನ ದನಿ ಒಡೆಯಿತು. “ಡ್ರಿಲ್ ದಿನ ಕಟ್ಟಿದ್ದನ್ನ ಬಿಚ್ಚೋಕೆ ಬಂದು, ನಿನ್ನ ಮನೆ ನೋಡಬಾರದು ಅಂತ ಮುಖ ಆ ಕಡೆ ಮಾಡ್ಕೊಂಡು ಹೋದೆ. ಅದಕ್ಕೇ ಹೀಗಾಯ್ತು. ಬೈ. ಹೊಡಿ ಬೇಕಾದ್ರೆ.”

“ನನಗೆ ಗೊತ್ತಿತ್ತು.”

“ಏನು ಗೊತ್ತಿತ್ತು?”

“ಅದು ಡ್ರಿಲ್ ಬಟ್ಟೆ ಅಂತ. ಬಿಚ್ಚಿ ವಾಪಸ್ ಕೊಡಬೇಕು ಅಂತ. ಸಂಘದ ಚೀಟಿ ಮನೆಗೂ ಬಂದಿತ್ತಲ್ಲ.” ಹಲ್ಲು ಕಟಕಟಿಸುತ್ತಿದ್ದರಿಂದ ಅವಳು ತಡೆತಡೆದು ಹೇಳುತ್ತಿದ್ದಳು. “ದಿನಾ ಬೆಳಿಗ್ಗೆ ಕೆಲಸದಿಂದ ಬಂದು ಗೇಟು ತೆಗೆಯುವಾಗ ಮುಟ್ಟಿ ನೋಡ್ತಿದ್ದೆ. ಅಂಚಿನ ಹೊಲಿಗೆ ನಿಂದು, ಜಡೆಗೆ ಹಾಕ್ತಿದ್ದ ಗಂಟೂ ನಿಂದೇ. ವರ್ಷದಲ್ಲಿ ನೀನು ನನ್ನ ಬಾಗಿಲಿಗೆ ಬಂದದ್ದು ಅದೊಂದೇ ಸಲ ಅತ್ತಿಗೆ. ಹೇಗೆ ಬಿಚ್ಚಲಿ?”

ಟೈಲರಮ್ಮ ಅವಳ ಒದ್ದೆ ತಲೆಯನ್ನು ಎದೆಗೆ ಒತ್ತಿಕೊಂಡಳು. ತಾನು ಸಿಟ್ಟಿನಲ್ಲಿ ಬಿಟ್ಟು ಬಂದದ್ದನ್ನು ಈ ಹುಚ್ಚು ಹುಡುಗಿ ಆಸೆಯಿಂದ ಉಳಿಸಿಕೊಂಡಿದ್ದಳು, ಇಬ್ಬರೂ ಸೇರಿ ಒಂದು ಜೀವ ತೆಗೆಯುತ್ತಿದ್ದರು. ಸುತ್ತಲಿನ ಜನ ನೋಡುತ್ತಿದ್ದರು, ನೋಡಲಿ ಎಂದು ಜೋರಾಗಿಯೇ ಅತ್ತಳು.

“ಸಾಕು ಆ ಕೋಣೆ. ಮನೆಗೆ ಬಂದುಬಿಡು,” ಎಂದಳು. “ಇವತ್ತೇ ಬಂದುಬಿಡು.”

ನಾದಿನಿ ತಲೆ ಎತ್ತಿ ಅವಳ ಮುಖ ನೋಡಿದಳು.

“ಬರೋವಾಗ ನಮ್ಮನೆ ಮುಂದೆಯೇ ಬಂದ್ವಿ ಅತ್ತಿಗೆ,” ಎಂದಳು. “ಹೆಂಚು ಮಾತ್ರ ಕಾಣ್ತಿತ್ತು.”

ಬೆಳಿಗ್ಗೆಯಿಂದ ಟೈಲರಮ್ಮ ತನ್ನ ಮನೆಯನ್ನು ಒಮ್ಮೆಯೂ ನೆನೆದಿರಲಿಲ್ಲ. ಈಗಲೂ ಅವಳ ಕಿವಿಯಲ್ಲಿ ಉಳಿದದ್ದು ‘ನಮ್ಮನೆ’ ಎಂಬ ಒಂದೇ ಮಾತು.